ಸ್ವಾಮಿ ರಮಾನಂದ ತೀರ್ಥರು

ಸಿಂಹಾಸನವು ಉರುಳಿದ ಮಾತ್ರಕ್ಕೆ ಪ್ರಜೆಯ ಹಸಿವು ಹಿಂಗುವದಿಲ್ಲ. ನಿಜಾಮಶಾಹಿಯನ್ನು ಕೊನೆಗಾಣಿಸುವ ಹೋರಾಟಕ್ಕೆ ಮುಂದಾಳಾಗಿದ್ದ ಸ್ವಾಮಿ ರಮಾನಂದ ತೀರ್ಥರ ಜೀವಿತವು ಕಲಿಸುವ ಪಾಠವಿದು. ಅವರು 1903ನೆಯ ಇಸವಿಯ ಅಕ್ಟೋಬರ 3ರಂದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರೆಂಬುದು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳವರಿಗೂ ಅಭಿಮಾನದ ಸಂಗತಿಯಾಗಿದೆ.

ಪೂರ್ವಾಶ್ರಮದಲ್ಲಿ ಅವರು ವ್ಯಂಕಟೇಶ ಖೇಡಗಿಕರ. ಅಸಹಕಾರದ ಕರೆ ಬಂದಾಗ ಸರಕಾರಿ ಶಾಲೆಯನ್ನು ತೊರೆದರು. ಮುಂದೆ ಕಾರ್ಮಿಕ ಮುಂದಾಳು ನಾ. ಮ. ಜೋಶಿಯವರ ಕೈಕೆಳಗೆ ಕೆಲಸ ಮಾಡಿ, ದುಡಿಯುವವನ ಬವಣೆಯನ್ನು ಕಣ್ಣಾರೆ ಕಂಡರು. ಬಳಿಕ ನಿಜಾಮ ಸೀಮೆಯ ಹಿಪ್ಪರಗೆ, ಅಂಬಾಜೋಗಾಯಿಗಳಲ್ಲಿ ಶಿಕ್ಷಕರಾದರು, ಸಂನ್ಯಾಸವನ್ನೂ ಸ್ವೀಕರಿಸಿದರು. ಅವರ ಕಾವಿಯು ಲೋಕವನ್ನು ಬಿಡಲಿಕ್ಕಾಗಿ ಉಟ್ಟುದಲ್ಲ.

1938ರಲ್ಲಿ ಹೈದರಾಬಾದ ಸ್ಟೇಟ ಕಾಂಗ್ರೆಸ್ಸನ್ನು ಅದು ವಿಧಿವತ್ತಾಗಿ ಸ್ಥಾಪಿತವಾಗುವ ಮೊದಲೇ ನಿಜಾಮ ಸರಕಾರವು ನಿಷೇಧಿಸಿತು. ಸ್ವಾಮಿಗಳು ಸತ್ಯಾಗ್ರಹವನ್ನು ಹೂಡಿ ಸೆರೆಮನೆಯನ್ನು ಸೇರಿದರು. ನಿಷೇಧವು ತೊಲಗಿದುದು 1946ರಲ್ಲಿ. ಅದೇ ವರುಷ ತೆಲಂಗಾಣದ ನಲಗೊಂಡೆ ಜಿಲ್ಲೆಯಲ್ಲಿ ದೇಶಮುಖರ ಬಿಟ್ಟಿ ದುಡಿಮೆಯಿಂದ ಬೇಸತ್ತ ರೈತರು ಬಂಡೆದ್ದರು. ಕಮ್ಯೂನಿಸ್ಟ ಪಕ್ಷವು ಅವರ ಮುಂದಾಳುತನವನ್ನು ವಹಿಸಿತು. ಪಕ್ಷದವರ ಲೆಕ್ಕದಂತೆ ಸುಮಾರು 3000 ಹಳ್ಳಿಗಳಲ್ಲಿ ಗ್ರಾಮಸಂಘಗಳ ಆಳಿಕೆ ನಡೆದು, 10 ಲಕ್ಷ ಎಕರೆ ಭೂಮಿಯು ಹಂಚಿಕೆಯಾಯಿತು.

1947ರ ಆಗಸ್ಟ 15ರಂದು ಭಾರತವು ಸ್ವತಂತ್ರವಾದರೂ ನಿಜಾಮರು ಅದರಲ್ಲಿ ಸೇರಲಿಲ್ಲ. ವಿಲೀನವನ್ನು ಬೇಡಿದ ಸ್ವಾಮಿಗಳಿಗೆ ಮತ್ತೆ ಸೆರೆಯೇ ದೊರೆಯಿತು. ರಜಾಕಾರರ ಹಾವಳಿಗೆ ಅಂಜಿದ ಜನರು ಗಡಿಯನ್ನು ದಾಟಿ ಮುಂಬಯಿ ಪ್ರಾಂತದಲ್ಲಿ ಆಶ್ರಯವನ್ನು ಪಡೆದರು. 1948ರ ಸಪ್ಟಂಬರ 13ರಂದು ಭಾರತದ ಸೈನ್ಯವು ಒಳಹೊಕ್ಕಿತು, 17ರಂದು ನಿಜಾಮರು ಮಣಿದರು, ಸ್ವಾಮಿಗಳ ಬಿಡುಗಡೆಯಾಯಿತು.

ಒಂದು ಅರಸೊತ್ತಿಗೆಯನ್ನು ಬಾಗಿಸಲು ಐದು ದಿನಗಳು ಸಾಕಾದವು. ಆದರೆ ಕಮ್ಯೂನಿಸ್ಟರು 1951ರ ಅಕ್ಟೋಬರದ ವರೆಗೆ ಆಯುಧವನ್ನು ಕೆಳಗಿಡಲಿಲ್ಲ. 1949ರಲ್ಲಿ ಜಹಗೀರುಗಳು ರದ್ದಾದವು, 1950ರಲ್ಲಿ ಗೇಣಿಯ ಕಾಯಿದೆಯು ಬಂದಿತು. ಆದರೂ 1952ರ ಚುನಾವಣೆಯಲ್ಲಿ ನಲಗೊಂಡೆಯ ಕಮ್ಯೂನಿಸ್ಟ ಮುಂದಾಳು ರಾವಿ ನಾರಾಯಣ ರೆಡ್ಡಿಯವರಿಗೆ ಪಂಡಿತ ನೆಹರೂ ಅವರಿಗಿಂತಲೂ ಅಧಿಕ ಮತಗಳು ಬಿದ್ದವು. ಬಂದೂಕಿನಿಂದ ತಡೆದುದು ಮತಪೆಟ್ಟಿಗೆಯಿಂದ ಹೊರಬಂದಿತು. ನಿಜಾಮರು ಮಾತ್ರ 1956ರ ವರೆಗೆ ರಾಜಪ್ರಮುಖರೆಂಬ ಪದವಿಯಲ್ಲಿಯೇ ಉಳಿದರು! ಆಳುವವರು ಬದಲಾದರೆ ಸಾಲದು, ಹೊಲದ ಒಡೆತನವೂ ಬದಲಾಗಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಘಟನೆಯು ತೋರಿಸೀತು?

ಅದೇ ಚುನಾವಣೆಯಲ್ಲಿ ಸ್ವಾಮಿಗಳು ಗುಲಬರ್ಗೆಯಿಂದ ಲೋಕಸಭೆಗೆ ಆರಿಸಿ ಹೋದರು. ಹೈದರಾಬಾದ ಸಂಸ್ಥಾನವು ಭಾಷೆಗನುಸಾರವಾಗಿ ವಿಭಾಗವಾಗಬೇಕೆಂಬ ಪಕ್ಷವನ್ನು ಅವರು ಹಿಡಿದಿದ್ದರು. 1956ರ ನವ್ಹಂಬರ 1ರಂದು ಅದು ಈಡೇರಿತು. ವಿಜಾಪುರ, ಗುಲಬರ್ಗಾ ಜಿಲ್ಲೆಗಳು ಒಂದೇ ರಾಜ್ಯದಲ್ಲಿ ಕೂಡಿದವು. ಅವರು ಹುಟ್ಟಿದ ಸೀಮೆಗೂ ನಿಜಾಮನ ಕನ್ನಡ ಸೀಮೆಗೂ ನಡುವಿದ್ದ ಗಡಿಯು ಅಳಿಯಿತು.

1972ರ ಜನೇವರಿ 22ರಂದು ಸ್ವಾಮಿಗಳು ದೇಹವಿಟ್ಟರು. ನಾಂದೇಡದ ವಿಶ್ವವಿದ್ಯಾಲಯವು ಇಂದು ಅವರ ಹೆಸರನ್ನು ಹೊತ್ತಿದೆ. ಅವರು ಜನಿಸಿದ ಸೀಮೆಯವರು ಆ ಹೆಸರಿನೊಡನೆ, ನಲಗೊಂಡೆಯ ರೈತನು ಕಲಿಸಿದ ಪಾಠವನ್ನೂ ನೆನಪಿನಲ್ಲಿಡುವದು ಯೋಗ್ಯ.