ಮಂಜೇಶ್ವರದ ಸರಸ್ವತೀ ಭಂಡಾರಿ

ನಮ್ಮ ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಹಿಂದೆ ಘಟಿಕಾಸ್ಥಾನವಿತ್ತು. ಅಲ್ಲಿನ 1058ರ ಶಾಸನದಲ್ಲಿ ಗುರುಶಿಷ್ಯರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರ, ಅಂದರೆ ಪುಸ್ತಕಗಳನ್ನು ಕಾಯ್ದಿಡುವವರ, ಉಲ್ಲೇಖವಿದೆ. ಅದು ರಾಜಾಶ್ರಯದಲ್ಲಿ ನಡೆದ ಕೆಲಸ. ಅಂಥ ಆಶ್ರಯವಾಗಲಿ, ವಿಶ್ವವಿದ್ಯಾಲಯದ ಹುದ್ದೆಯಾಗಲಿ ಇಲ್ಲದೆ, ತಮ್ಮ ಮನೆಯಲ್ಲಿಯೇ ಒಂದು ಭಂಡಾರವನ್ನು ಕಟ್ಟಿಕೊಂಡು ಜೀವಮಾನವಿಡೀ ಓದಿದವರು ಮಂಜೇಶ್ವರದ ಗೋವಿಂದ ಪೈಗಳು.

ಇವರು 1883ರ ಮಾರ್ಚ್ 23ರಂದು ಜನಿಸಿದರು. ಮನೆಮಾತು ಕೊಂಕಣಿ, ಊರಮಾತು ತುಳು, ಬರೆದದ್ದು ಕನ್ನಡದಲ್ಲಿ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಇವರಿಗೆ ಗುರುಗಳಾಗಿದ್ದರು. ಮುಂದೆ ಬಿ.ಎ. ಓದಲು ಮದರಾಸಿಗೆ ಹೋದರು. ಅಂತಿಮ ಪರೀಕ್ಷೆಯ ನಡುವೆಯೇ ತಂದೆಯವರ ಸಲುವಾಗಿ ಊರಿಗೆ ಮರಳಬೇಕಾಯಿತು. ಬರೆದಿದ್ದ ಇಂಗ್ಲಿಷಿನಲ್ಲಿ ಚಿನ್ನದ ಪದಕ ಬಂದಿತು, ಪದವಿ ಮಾತ್ರ ಬರಲಿಲ್ಲ.

ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವನಿಗೆ ಈ ಸಂಗತಿ ಸುಮ್ಮನೆ ದಾಟಿಹೋಗುವಂಥದಲ್ಲ. ನಮ್ಮ ಮನೆಗಳಲ್ಲಿ ಬಿ.ಎ. ಎಂದರೆ ಓದಿನ ಕೊನೆ, ನೌಕರಿಯ ಮೊದಲು. ಪೈಗಳಿಗೆ ಬಿ.ಎ. ಆಗಲಿಲ್ಲ, ಓದು ನಿಲ್ಲಲೂ ಇಲ್ಲ. ಅವರದು ಅನುಕೂಲಸ್ಥ ಮನೆಯಾಗಿತ್ತೆಂಬುದನ್ನೂ ಹೇಳಲೇಬೇಕು. ಸಾಲದ ಚಿಂತೆಯಿದ್ದವರು ಅಷ್ಟೊಂದು ಪುಸ್ತಕಗಳನ್ನು ಕೊಳ್ಳಲಾರರು. ಆದರೆ ಅನುಕೂಲವಿದ್ದವರೆಲ್ಲ ಓದಿದರೇ?

ಅವರಿಗೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪರಿಚಯವಿತ್ತು. ಸಂಸ್ಕೃತ, ಪಾಳಿ, ಬಂಗಾಳಿಗಳ ಜೊತೆಗೆ ಗ್ರೀಕ್, ಲ್ಯಾಟಿನ್‌ಗಳೂ ಅದರಲ್ಲಿ ಸೇರಿದ್ದವು. ಒಂದು ಪುಸ್ತಕವನ್ನು ಓದಿ ಮುಚ್ಚಿಡುವುದು ಅವರ ಪದ್ಧತಿಯಲ್ಲ. ಒಂದರ ಮಾತನ್ನು ಇನ್ನೊಂದರಿಂದ ಒರೆಗೆ ಹಚ್ಚಬೇಕು. ಶ್ರವಣಬೆಳಗೊಳದ ಗೊಮ್ಮಟಮೂರ್ತಿ ಪ್ರತಿಷ್ಠೆಯಾದ ದಿನ ಯಾವುದೆಂಬ ಒಂದೇ ಪ್ರಶ್ನೆಗಾಗಿ ಹಳೆಯ ಗ್ರಂಥದ ಹೇಳಿಕೆಯನ್ನು ಪಂಚಾಂಗದ ಲೆಕ್ಕದೊಡನೆ ಹೋಲಿಸಿ, 981ರ ಮಾರ್ಚ್ 13 ಎಂದು ವಾದಿಸಿದರು. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೂ ಒಂದು ತಾರೀಖಿಗಾಗಿ ಅಷ್ಟು ಶ್ರಮಪಟ್ಟ ಕವಿಗಳು ವಿರಳ.

ಹಳೆಯದನ್ನು ಇಷ್ಟು ಬಲ್ಲವರೇ ಹಳೆಯ ಕಟ್ಟನ್ನು ಸಡಿಲಿಸಿದರೆಂಬುದು ವಿಶೇಷ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸದ ನಿಯಮವನ್ನು ಕವಿರಾಜಮಾರ್ಗವೇ ವಿವರಿಸಿದೆ. ಆ ಗ್ರಂಥ ಹುಟ್ಟಿದ್ದು ನಮ್ಮ ಕಾಗಿಣಾ ದಂಡೆಯ ಮಳಖೇಡದ ಆಸ್ಥಾನದಲ್ಲಿ. ಸಾವಿರ ವರ್ಷಗಳಿಗೂ ಮೀರಿ ನಡೆದುಬಂದ ಆ ಪ್ರಾಸವನ್ನು ಪೈಗಳು 1911ರಲ್ಲಿ ಕೈಬಿಟ್ಟರು. ಅರಿಯದೆ ಬಿಟ್ಟಿದ್ದರೆ ಪಂಡಿತರು ನಕ್ಕು ಸುಮ್ಮನಾಗುತ್ತಿದ್ದರು. ಅರಿತವರು ಬಿಟ್ಟಿದ್ದರಿಂದ ಚರ್ಚೆಯಾಯಿತು.

ಓದಿನ ಫಲ ಕಾವ್ಯದಲ್ಲಿಯೂ ಕಾಣುತ್ತದೆ. 'ಗೊಲ್ಗೊಥಾ' ಕ್ರಿಸ್ತನ ಕೊನೆಯ ದಿನವನ್ನೂ 'ವೈಶಾಖಿ' ಬುದ್ಧನ ಕೊನೆಯ ದಿನವನ್ನೂ ಕುರಿತವು. ಜಪಾನಿನ ನೋ ನಾಟಕಗಳನ್ನೂ ಅವರು ಕನ್ನಡಕ್ಕೆ ತಂದರು. ಇಷ್ಟಾದರೂ ಮೊದಲ ಕವನಸಂಗ್ರಹ 'ಗಿಳಿವಿಂಡು' ಹೊರಬಂದದ್ದು 1930ರಲ್ಲಿ, ಅವರ ನಲವತ್ತೇಳನೆಯ ವಯಸ್ಸಿಗೆ!

1949ರಲ್ಲಿ ಮದರಾಸು ಸರ್ಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. 1951ರ ಮುಂಬಯಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1956ರಲ್ಲಿ ಮಂಜೇಶ್ವರ ಕೇರಳಕ್ಕೆ ಸೇರಿದರೂ ಅವರು ಆ ಮನೆಯನ್ನು ಬಿಡಲಿಲ್ಲ. 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಅವರ ಪುಸ್ತಕಗಳು ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿದವು.