ಲಂಡನ್ ಆರ್ಕೆಸ್ಟ್ರಾಕ್ಕೆ ಆಸರೆಯಾದ ಮೈಸೂರು ಅರಸ

ಅಕ್ಕಲಕೋಟೆ ಸಂಸ್ಥಾನದ ಅರಮನೆ ಆಯುಧಗಳ ಸಂಗ್ರಹಕ್ಕೆ ಹೆಸರುವಾಸಿ. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಕೂಡಿಟ್ಟದ್ದು ಬೇರೆಯದೇ ಸಂಪತ್ತು: ಸುಮಾರು 20,000 ಗ್ರಾಮಫೋನ್ ತಟ್ಟೆಗಳು! ಲಂಡನ್ನಿನ ಪ್ರಸಿದ್ಧ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ತನ್ನ ಆರಂಭದ ಕಷ್ಟದ ದಿನಗಳನ್ನು ದಾಟಲು ನೆರವಾದವರೂ ಇವರೇ ಎಂಬುದು ಅನೇಕ ಕನ್ನಡಿಗರಿಗೆ ತಿಳಿಯದು.

1919ರ ಜುಲೈ 18ರಂದು ಜನಿಸಿದ ಜಯಚಾಮರಾಜರಿಗೆ ಬಾಲ್ಯದಿಂದಲೇ ಪಿಯಾನೋ ಹುಚ್ಚು. ದೊಡ್ಡ ಪಿಯಾನೋ ವಾದಕನಾಗಬೇಕೆಂಬುದು ಅವರ ಕನಸು. ಆದರೆ 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಕಂಠೀರವ ನರಸಿಂಹರಾಜರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರೂ ತೀರಿಕೊಂಡರು. 21ರ ಹರೆಯದಲ್ಲಿ ಸಿಂಹಾಸನ ಏರಬೇಕಾಯಿತು, ಕನಸು ಅಲ್ಲಿಗೇ ನಿಂತಿತು. ಅಭ್ಯಾಸ ಮಾತ್ರ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದರು.

ಅದೇ 1945ರಲ್ಲಿ ಧ್ವನಿಮುದ್ರಣ ತಜ್ಞ ವಾಲ್ಟರ್ ಲೆಗ್ ಫಿಲ್‌ಹಾರ್ಮೋನಿಯಾ ಕಟ್ಟಿದರು. ಸಿಂಫನಿ ಆರ್ಕೆಸ್ಟ್ರಾ ಎಂದರೆ ಹತ್ತಾರು ವಾದಕರ ಸಂಭಾವನೆ, ದಿನಗಟ್ಟಲೆ ತಾಲೀಮು. ಟಿಕೆಟ್ ಹಣದಿಂದಷ್ಟೇ ಇದು ನಡೆಯುವುದಲ್ಲ. ಲೆಗ್ ಅವರನ್ನು ಮೈಸೂರಿಗೆ ಕರೆಸಿಕೊಂಡ ಮಹಾರಾಜರು ವರ್ಷಕ್ಕೆ 10,000 ಪೌಂಡ್‌ನಂತೆ ಮೂರು ವರ್ಷ ನೆರವು ನೀಡಲು ಒಪ್ಪಿದರು. ಫಿಲ್‌ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರೂ ಆದರು.

ಹಣದ ಜೊತೆಗೆ ಅವರಿಗೆ ಸ್ಪಷ್ಟವಾದ ಅಭಿರುಚಿಯೂ ಇತ್ತು. ಮಾರಾಟವಾಗದು ಎಂದು ಕಂಪನಿಗಳು ಮುಟ್ಟದ ಕೃತಿಗಳು ತಟ್ಟೆಗೆ ಬರಬೇಕೆಂಬುದು ಅವರ ಆಸೆ. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಆಗ ಮುಪ್ಪಿನಲ್ಲಿದ್ದರು, ಆರೋಗ್ಯ ಕೆಟ್ಟಿತ್ತು, ಜನ ಮರೆಯತೊಡಗಿದ್ದರು. ಮಹಾರಾಜರ ವೆಚ್ಚದಲ್ಲಿ ಮೆಟ್ನರ್ ತಮ್ಮ ಮೂರೂ ಪಿಯಾನೋ ಕಾನ್ಸರ್ಟೋಗಳನ್ನು ಫಿಲ್‌ಹಾರ್ಮೋನಿಯಾ ಜೊತೆ ಸ್ವತಃ ನುಡಿಸಿ ಮುದ್ರಿಸಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ನೆರವು ತಡವಾಗಿದ್ದರೆ ಅವರ ಕೈಯ ಆ ವಾದನ ನಮಗೆ ಉಳಿಯುತ್ತಿರಲಿಲ್ಲ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ನಾಲ್ಕು ಕೊನೆಯ ಹಾಡುಗಳ ಮೊದಲ ಪ್ರಯೋಗ ನಡೆಯಿತು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ. ಇದಕ್ಕೆ 4,800 ಡಾಲರ್ ಖಾತರಿ ನೀಡಿದ್ದ ಮಹಾರಾಜರು ಸಭೆಯಲ್ಲಿರಲಿಲ್ಲ. ಅವರಿಗಾಗಿ ಮುದ್ರಿಸಿದ ತಟ್ಟೆಗಳು ಹಡಗೇರಿ ಮೈಸೂರಿಗೆ ಬಂದವು.

ಅಷ್ಟರಲ್ಲಿ ಸಂಸ್ಥಾನಗಳ ಕಾಲ ಮುಗಿದಿತ್ತು. ರಾಜಪ್ರಮುಖರಾಗಿ, ಬಳಿಕ ಮೈಸೂರು ಮತ್ತು ಮದ್ರಾಸು ರಾಜ್ಯಗಳ ರಾಜ್ಯಪಾಲರಾಗಿ ಅವರು ಸೇವೆ ಸಲ್ಲಿಸಿದರು. ಪಿಯಾನೋದಲ್ಲಿ ಪಳಗಿದ ಅದೇ ಮನಸ್ಸು ಕರ್ನಾಟಕ ಸಂಗೀತಕ್ಕೂ ಒಲಿಯಿತು. ಶ್ರೀವಿದ್ಯಾ ಅಂಕಿತದಲ್ಲಿ ಅವರು ರಚಿಸಿದ 94 ಕೃತಿಗಳು ಇಂದಿಗೂ ಕಚೇರಿಗಳಲ್ಲಿ ಕೇಳಿಬರುತ್ತವೆ.

1974ರ ಸೆಪ್ಟೆಂಬರ್ 23ರಂದು ಅವರು ನಿಧನರಾದರು. ಫಿಲ್‌ಹಾರ್ಮೋನಿಯಾ 1964ರಲ್ಲಿ ಮುಚ್ಚುವ ಹಂತಕ್ಕೆ ಬಂದಾಗ ವಾದಕರೇ ಅದನ್ನು ವಹಿಸಿಕೊಂಡು ಉಳಿಸಿಕೊಂಡರು. ಅದು ಇಂದಿಗೂ ಲಂಡನ್ನಿನಲ್ಲಿ ನುಡಿಸುತ್ತಿದೆ. ತಾನು ವೇದಿಕೆ ಏರಲಾಗದ ಅರಸನೊಬ್ಬ ಇತರರಿಗೆ ವೇದಿಕೆ ಕಟ್ಟಿಕೊಟ್ಟ ಕಥೆಯಿದು.