ಖಾತೆ ಪುಸ್ತಕದ ವೈದ್ಯ

ನಾನು ಇತಿಹಾಸದ ವಿದ್ಯಾರ್ಥಿ. ವೈದ್ಯಶಾಸ್ತ್ರಕ್ಕೂ ನನಗೂ ಇರುವ ನಂಟು ನಮ್ಮ ಮನೆಯ ಔಷಧಿಯ ಡಬ್ಬಿಯಷ್ಟೇ. ಹೀಗಿದ್ದೂ ಒಬ್ಬ ವೈದ್ಯನ ಜೀವನವನ್ನು ಬರೆಯಲು ಹೊರಟಿರುವುದಕ್ಕೆ ಕಾರಣವಿದೆ.

ನಮ್ಮ ತಂದೆಯವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಅವರಷ್ಟು ಪಥ್ಯ ಮಾಡಿದವರನ್ನು ನಾನು ಕಂಡಿಲ್ಲ. ಹಬ್ಬದ ದಿನ ಎಲ್ಲರ ಎಲೆಗೂ ಹೋಳಿಗೆ ಬಿದ್ದರೆ ಅವರ ಎಲೆಯಲ್ಲಿ ಅಳತೆಯ ಅನ್ನ, ಪಲ್ಯ. ಅದೇ ಕಾಯಿಲೆಯ ದೊಡ್ಡಪ್ಪನವರು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು ತಿಂದೇ ಎಪ್ಪತ್ತು ದಾಟಿದರು. ಆದರೆ ಹೃದಯಾಘಾತವಾದದ್ದು ನಮ್ಮ ತಂದೆಯವರಿಗೆ. ನೋಡಲು ಬಂದ ನೆಂಟರು, ಅವರು ಕದ್ದು ತಿಂದಿರಬೇಕೆಂದು ಹಜಾರದಲ್ಲಿ ಮಾತಾಡಿಕೊಂಡರು. ನಾಚಿಕೆಯಿಂದ ಹೇಳುತ್ತೇನೆ: ಅವರು ಆಸ್ಪತ್ರೆಯಲ್ಲಿದ್ದಾಗ ಅವರ ಪೆಟ್ಟಿಗೆಯನ್ನು ತೆಗೆದು, ಮಿಠಾಯಿಯ ಪೊಟ್ಟಣವೇನಾದರೂ ಇದೆಯೇ ಎಂದು ನಾನೂ ಹುಡುಕಿದೆನು. ಸಿಕ್ಕಿದ್ದು ವರ್ಷಗಳ ರಕ್ತಪರೀಕ್ಷೆಯ ಚೀಟಿಗಳ ಕಟ್ಟು. ಆ ನಾಚಿಕೆಯೇ ನನ್ನನ್ನು ಎಲಿಯಟ್ ಪ್ರಾಕ್ಟರ್ ಜಾಸ್ಲಿನ್ನನ ಚರಿತ್ರೆಯ ಕಡೆಗೆ ತಿರುಗಿಸಿತು.

ಜಾಸ್ಲಿನ್ನನು 1869ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ತಂದೆ ಪಾದರಕ್ಷೆಗಳ ಕಾರ್ಖಾನೆಯ ಒಡೆಯ. ಮಗ ಯೇಲ್‌ನಲ್ಲಿ ಓದಿ, 1895ರಲ್ಲಿ ಹಾರ್ವರ್ಡ್‌ನಿಂದ ವೈದ್ಯ ಪದವಿ ಪಡೆದನು. ವಿದ್ಯಾರ್ಥಿಯಾಗಿದ್ದಾಗಲೇ, 1893ರಲ್ಲಿ, ಮಧುಮೇಹದಿಂದ ಸೊರಗಿದ್ದ ಐರಿಷ್ ಹುಡುಗಿಯೊಬ್ಬಳನ್ನು ಪರೀಕ್ಷಿಸಿ ಅವಳ ವಿವರವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟನು. ಅಂದಿನಿಂದ ತಾನು ಕಂಡ ಒಬ್ಬೊಬ್ಬ ಮಧುಮೇಹಿಯನ್ನೂ ಹಾಗೆಯೇ ಬರೆದಿಡುತ್ತ ಹೋದನು. ಆ ಖಾತೆಯಲ್ಲಿ ಅವನ ಸ್ವಂತ ತಾಯಿಯೂ ಸೇರಿದಳು. ಮಗನ ಕಟ್ಟುನಿಟ್ಟಾದ ಪಥ್ಯದಿಂದ ಆಕೆ ಅಂದಿನ ವೈದ್ಯರ ನಿರೀಕ್ಷೆಯನ್ನು ಮೀರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ಪಥ್ಯದಲ್ಲಿ ಜಾಸ್ಲಿನ್ನನಿಗಿದ್ದ ಅಚಲವಾದ ನಂಬಿಕೆಯ ಬೇರು ಇಲ್ಲಿದೆ.

ಆ ಕಾಲದಲ್ಲಿ ಮಧುಮೇಹಕ್ಕೆ ಔಷಧವಿರಲಿಲ್ಲ. ಎಳೆಯರು ಹೆಚ್ಚು ದಿನ ಉಳಿಯುತ್ತಿರಲಿಲ್ಲ; ಪ್ರಜ್ಞೆ ತಪ್ಪಿ ಮಲಗಿದವರು ಮತ್ತೆ ಏಳುತ್ತಿರಲಿಲ್ಲ. 1914ರ ಸುಮಾರಿಗೆ ಫ್ರೆಡರಿಕ್ ಆಲೆನ್ ಎಂಬ ವೈದ್ಯನು ತೋರಿಸಿದ ಉಪವಾಸದ ಮಾರ್ಗವನ್ನು ಜಾಸ್ಲಿನ್ನನೂ ಹಿಡಿದನು. ಹಸಿವಿನಿಂದ ಎಲುಬಿನ ಗೂಡಾದರೂ ರೋಗಿಗಳು ಒಂದೆರಡು ವರ್ಷ ಹೆಚ್ಚು ಬದುಕಿದರು. 1921ರಲ್ಲಿ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಕಂಡುಹಿಡಿದರು. 1922ರ ಆಗಸ್ಟಿನಲ್ಲಿ ಜಾಸ್ಲಿನ್ನನು ತನ್ನ ಮೊದಲ ಇನ್ಸುಲಿನ್ ಚುಚ್ಚುಮದ್ದನ್ನು ಒಬ್ಬ ದಾದಿಗೆ ಕೊಡಿಸಿದನು. ತಿಂಗಳುಗಟ್ಟಲೆ ಮನೆಯಿಂದ ಹೊರಗೆ ಕಾಲಿಡಲಾರದಿದ್ದ ಆಕೆ ಕೆಲವೇ ವಾರಗಳಲ್ಲಿ ಮೈಲಿಗಟ್ಟಲೆ ನಡೆದಾಡಿದಳು.

ಬೇರೆಯವರಾದರೆ ಇಲ್ಲಿಗೆ ಜಯಘೋಷ ಮಾಡಿ ಪುಸ್ತಕವನ್ನು ಮುಚ್ಚುತ್ತಿದ್ದರು. ಜಾಸ್ಲಿನ್ನನು ಮುಚ್ಚಲಿಲ್ಲ. ಯಾರು ಎಷ್ಟು ವರ್ಷ ಬದುಕಿದರು, ಯಾವ ಕಾರಣದಿಂದ ಸತ್ತರು ಎಂದು ಪತ್ರ ಬರೆದು ವಿಚಾರಿಸಿದನು. ಜೀವವಿಮಾ ಸಂಸ್ಥೆಯೊಂದರ ಲೆಕ್ಕಪರಿಣತರ ನೆರವನ್ನು ಪಡೆದನು. ಆಗ ಖಾತೆಯಲ್ಲಿ ಹೊಸದೊಂದು ಸತ್ಯ ಕಾಣಿಸಿತು. ಹಿಂದೆ ಅರ್ಧಕ್ಕೂ ಹೆಚ್ಚು ರೋಗಿಗಳು ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. ಇನ್ಸುಲಿನ್ ಬಂದ ಮೇಲೆ ಆ ಸಾವು ಅಪರೂಪವಾಯಿತು. ಅದರ ಜಾಗಕ್ಕೆ ಹೃದಯ ಮತ್ತು ರಕ್ತನಾಳಗಳ ರೋಗ ಬಂದು ಕುಳಿತಿತು. ಅತಿಯಾದ ಕೊಬ್ಬು ಇದಕ್ಕೆ ಕಾರಣವೆಂದು ಅವನು 1927ರಲ್ಲಿ ಬರೆದನು.

ಆದರೆ ಒಂದೇ ಪಥ್ಯ ಮಾಡಿದ ಇಬ್ಬರಲ್ಲಿ ಒಬ್ಬನ ಹೃದಯವೇ ಏಕೆ ಸೋಲಬೇಕು? ವಂಶದ ಸಂಗತಿಯೂ ಅವನ ಗಮನದಲ್ಲಿತ್ತು. 1924ರಲ್ಲಿ ಅವನ ಬಳಿ ಕೆಲಸಕ್ಕೆ ಸೇರಿದ ಪ್ರಿಸಿಲ್ಲಾ ವೈಟ್ ಎಂಬ ವೈದ್ಯೆಯು 1933ರಲ್ಲಿ ಗ್ರೆಗರಿ ಪಿಂಕಸ್ ಎಂಬ ವಿಜ್ಞಾನಿಯೊಡನೆ ಸೇರಿ, ಮಧುಮೇಹವು ಕುಟುಂಬಗಳಲ್ಲಿ ಇಳಿದು ಬರುವುದನ್ನು ಮೆಂಡಲನ ಸೂತ್ರದಿಂದ ವಿವರಿಸಲು ಯತ್ನಿಸಿದಳು. ಸಂಗತಿ ಅಷ್ಟು ಸರಳವಲ್ಲವೆಂದು ಮುಂದೆ ತಿಳಿಯಿತು. ಪ್ರಶ್ನೆ ಮಾತ್ರ ಸರಿಯಾದದ್ದೇ.

ಜಾಸ್ಲಿನ್ನನು ಸ್ವಭಾವದಿಂದ ಕಠಿಣ. ಪಥ್ಯ, ವ್ಯಾಯಾಮ, ಇನ್ಸುಲಿನ್ ಇವು ಒಂದೇ ರಥದ ಮೂರು ಕುದುರೆಗಳೆಂದೂ ಲಗಾಮು ರೋಗಿಯ ಕೈಯಲ್ಲಿರಬೇಕೆಂದೂ ಬೋಧಿಸಿದನು. ಅದಕ್ಕಾಗಿಯೇ 1918ರಲ್ಲಿ ರೋಗಿಗಳಿಗೆಂದು ಕೈಪಿಡಿಯನ್ನು ಬರೆದನು. ಮನೆಮನೆಗೆ ಹೋಗಿ ಕಲಿಸುವ ದಾದಿಯರನ್ನು ಸಿದ್ಧಗೊಳಿಸಿದನು. ಇಷ್ಟೊಂದು ಕಟ್ಟು ಬೇಡವೆಂದ ವೈದ್ಯರೂ ಇದ್ದರು, ಅವನು ಜಗ್ಗಲಿಲ್ಲ. ತೊಂಬತ್ತು ದಾಟಿದರೂ ರೋಗಿಗಳನ್ನು ನೋಡುತ್ತ 1962ರ ಜನವರಿಯಲ್ಲಿ ತೀರಿಕೊಂಡನು.

ಅವನ ಮಾತು ನಿಜವಾಯಿತೇ? ಎಳೆವಯಸ್ಸಿನಲ್ಲಿ ಬರುವ ಬಗೆಯ ಮಧುಮೇಹವಿದ್ದ 1,441 ಮಂದಿಯ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದು, ಬಿಗಿ ನಿಯಂತ್ರಣವು ಕಣ್ಣನ್ನೂ ಮೂತ್ರಪಿಂಡವನ್ನೂ ಕಾಯುತ್ತದೆಂದು 1993ರಲ್ಲಿ ತೋರಿಸಿತು. ಹೃದಯವನ್ನೂ ಕಾಯುತ್ತದೆಂದು ಅದೇ ಮಂದಿಯಲ್ಲಿ 2005ರಲ್ಲಿ ತಿಳಿಯಿತು. ಆದರೆ ನಡುವಯಸ್ಸು ದಾಟಿದ, ಎರಡನೆಯ ಬಗೆಯ ಮಧುಮೇಹದ ಜೊತೆಗೆ ಹೃದ್ರೋಗದ ಭಯವೂ ಇದ್ದ 10,251 ಮಂದಿಯ ಮತ್ತೊಂದು ಪರೀಕ್ಷೆಯಲ್ಲಿ, ಅತಿ ಬಿಗಿಯಾಗಿ ಸಕ್ಕರೆ ಇಳಿಸಿದವರಲ್ಲೇ ಸಾವು ಹೆಚ್ಚಿತು. 2008ರಲ್ಲಿ ಆ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಈ ಒಗಟಿನ ಎಳೆಯನ್ನು ಹಿಡಿದವರಲ್ಲಿ ಬಾಸ್ಟನ್ನಿನಲ್ಲಿ ಜಾಸ್ಲಿನ್ನನ ಹೆಸರನ್ನೇ ಹೊತ್ತ ಸಂಸ್ಥೆಯ ಸಂಶೋಧಕರೂ ಇದ್ದರು. 2013ರಲ್ಲಿ ಅವರು ಹಾರ್ವರ್ಡ್‌ನವರೊಡನೆ ಸೇರಿ, ಒಂದನೆಯ ವರ್ಣತಂತುವಿನಲ್ಲಿ ಒಂದು ಗುರುತನ್ನು ಕಂಡರು. ಆ ಗುರುತಿನ ಒಂದೊಂದು ಪ್ರತಿಗೂ ಮಧುಮೇಹಿಗಳಲ್ಲಿ ಹೃದ್ರೋಗದ ಸಂಭವ ಸುಮಾರು ಶೇಕಡ 36ರಷ್ಟು ಹೆಚ್ಚು. ಮಧುಮೇಹವಿಲ್ಲದವರಲ್ಲಿ ಅದರ ಪ್ರಭಾವ ಕಾಣಲಿಲ್ಲ. ಅದರ ಪಕ್ಕದ ವಂಶವಾಹಿಗೆ ರಕ್ತನಾಳದ ಒಳಪದರದಲ್ಲಿ ಗ್ಲುಟಮೇಟನ್ನು ಗ್ಲುಟಮೀನಾಗಿ ಮಾರ್ಪಡಿಸುವ ಕೆಲಸ. ಗುರುತಿದ್ದಲ್ಲಿ ಆ ಕೆಲಸ ಮಂದವಾಗುತ್ತದೆ. 2008ರಲ್ಲಿ ನಿಂತ ಪರೀಕ್ಷೆಯ ರಕ್ತದ ಮಾದರಿಗಳಲ್ಲಿ ಇನ್ನೆರಡು ಗುರುತುಗಳು 2016ರಲ್ಲಿ ಸಿಕ್ಕಿದವು. ಅವುಗಳ ಪ್ರಕಾರ ಬಿಗಿ ನಿಯಂತ್ರಣದಿಂದ ಕೆಲವರ ಹೃದಯಕ್ಕೆ ಲಾಭ, ಕೆಲವರಿಗೆ ಎರಡೂ ಇಲ್ಲ, ಕೆಲವರಿಗೆ ಹಾನಿ. ಈ ಪರೀಕ್ಷೆಗಳಲ್ಲಿದ್ದವರು ಬಹುಪಾಲು ಯೂರೋಪ್ ಮೂಲದವರು. ಆದುದರಿಂದ ಇವು ನಮ್ಮೂರಿನ ರೋಗಿಗೆ ಅಂತಿಮ ತೀರ್ಪುಗಳಲ್ಲ. ಪಥ್ಯವನ್ನು ಬಿಡಲು ಇವು ನೆಪವೂ ಅಲ್ಲ.

ಜಾಸ್ಲಿನ್ನನು ಬದುಕಿದ್ದರೆ ತನ್ನ ತತ್ತ್ವಕ್ಕೆ ಪೆಟ್ಟು ಬಿತ್ತೆಂದು ಕೊರಗುತ್ತಿದ್ದನೋ ಏನೋ! ನನಗೆ ಹಾಗೆ ತೋರುವುದಿಲ್ಲ. ಶಾಸನವನ್ನು ಓದುವವನು ತನಗೆ ಬೇಕಾದ ಸಾಲನ್ನಷ್ಟೇ ಓದುವಂತಿಲ್ಲವೆಂದು ನಮ್ಮ ಅಧ್ಯಾಪಕರು ಹೇಳುತ್ತಿರುತ್ತಾರೆ. ಖಾತೆ ಇಟ್ಟವನಿಗೂ ಅದೇ ಧರ್ಮ. ರೋಗಿಯ ಶ್ರದ್ಧೆ ಒಂದು ಸಾಲು, ಅವನು ಹುಟ್ಟಿನೊಡನೆ ತಂದದ್ದು ಇನ್ನೊಂದು. ನಾವು ನೆಂಟರು ಓದಿದ್ದು ಮೊದಲನೆಯದನ್ನು ಮಾತ್ರ. ಅದನ್ನೂ ತಪ್ಪಾಗಿ ಓದಿದೆವು.

ತಂದೆಯವರು ಈಗ ಮನೆಯಲ್ಲಿದ್ದಾರೆ, ನಿಧಾನವಾಗಿ ನಡೆದಾಡುತ್ತಾರೆ. ಪೆಟ್ಟಿಗೆ ಹುಡುಕಿದ ಸಂಗತಿಯನ್ನು ಅವರಿಗೆ ಹೇಳಿ ಕ್ಷಮೆ ಕೇಳಿದೆನು. ಅವರು ಸಿಟ್ಟಾಗಲಿಲ್ಲ, ನನ್ನ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಬರಬೇಕೆಂದಷ್ಟೇ ಹೇಳಿದರು. ಮಾಡಿಸಿದ್ದೇನೆ. ಸದ್ಯಕ್ಕೆ ದೋಷವಿಲ್ಲ. ಆ ಚೀಟಿಯನ್ನು ಅವರ ಕಟ್ಟಿನೊಡನೆಯೇ ಇಟ್ಟಿದ್ದೇನೆ.